ಬೀಗರಿಗೂ ನನಗೂ ನಡುವೆ ಬಂದ ಮೈಕು

ಶ್ರಾವಣ ಬಂತೆಂದರೆ ನಮ್ಮ ಕರಜಗಿಯ ಗುಡಿಯಲ್ಲಿ ಸಂಜೆ ಏಳಕ್ಕೆ ಪುರಾಣ. ಒಬ್ಬರು ಪದ್ಯ ಓದಬೇಕು, ಎದುರಿಗೆ ಕೂತ ಇನ್ನೊಬ್ಬರು ಅದರ ಅರ್ಥ ಬಿಡಿಸಿ ಹೇಳಬೇಕು. ಓದುವವನು ನಾನು, ನಿವೃತ್ತ ಕನ್ನಡ ಮಾಸ್ತರ. ಅರ್ಥ ಹೇಳುವವರು ನನ್ನ ಬೀಗರು, ಅಂದರೆ ನನ್ನ ಮಗಳ ಮಾವ. ಮೂವತ್ತು ವರ್ಷ ಊರಲ್ಲಿ ಹಿಟ್ಟಿನ ಗಿರಣಿ ನಡೆಸಿದವರು. ಮಕ್ಕಳ ಮದುವೆಗೂ ಮೊದಲಿನಿಂದ ನಮ್ಮದು ಪುರಾಣದ ಜೋಡಿ. ಆ ಎರಡು ಮಣೆಗಳ ಮೇಲೆ ಬೇರೆ ಯಾರೂ ಕೂತದ್ದಿಲ್ಲ, ಕೂಡಲು ನಾವು ಬಿಟ್ಟಿದ್ದೂ ಇಲ್ಲ.

ಈಗ ನಿಜ ಹೇಳಿಬಿಡುತ್ತೇನೆ. ಎರಡು ವರ್ಷದಿಂದ ನನಗೆ ಅಕ್ಷರ ಕಾಣುತ್ತಿರಲಿಲ್ಲ. ಪುಟವೆಲ್ಲ ಬೂದಿ ಬೂದಿ. ಆದರೆ ಪುರಾಣ ಬಾಯಿಪಾಠ. ಕನ್ನಡಕ ಏರಿಸಿ, ಬೆರಳಿಗೆ ಉಗುಳು ಹಚ್ಚಿ, ಅಂದಾಜಿನ ಮೇಲೆ ಹಾಳೆ ತಿರುವುತ್ತಿದ್ದೆ. ಇಜೇರಿಯಲ್ಲಿರುವ ನನ್ನ ಅಕ್ಕ ಕಣ್ಣಿನ ಪೊರೆ ತೆಗೆಸಿಕೊಂಡು ತೊಗರಿಬೇಳೆಯಲ್ಲಿ ಹರಳು ಆರಿಸುತ್ತಾ ಕೂತದ್ದನ್ನು ಕೇಳಿಯೂ ನಾನು ತೆಪ್ಪಗಿದ್ದೆ. ಕಣ್ಣು ಮಂಜಾಯಿತೆಂದು ಒಪ್ಪಿಕೊಂಡರೆ ಮಣೆ ಹೋಯಿತಲ್ಲ! ಅದೂ ಬೀಗರ ಮುಂದೆ? ಜೀವ ಹೋದರೂ ಇಲ್ಲ. ಮೇಲಾಗಿ ನಾನೇ ಬೀಗರ ಮೇಲೆ ಹೆಂಡತಿಯ ಹತ್ತಿರ ಗೊಣಗುತ್ತಿದ್ದೆ: "ಇತ್ತಿತ್ತಲಾಗ ಈ ಮನಷ್ಯಾ ಒಂದು ಪದ್ಯಕ್ಕ ಮೂರು ಪದ್ಯದಷ್ಟು ಅರ್ಥ ಎಳೀತಾನ."

ಈ ಸಲದ ಶ್ರಾವಣದ ಐದನೇ ದಿನ ಗುಡಿಯ ಪಂಚರು ಹೊಸ ಮೈಕು ತಂದರು. ಹಿಂದೆ ಕೂತ ಮುದುಕಿಯರಿಗೆ ಕೇಳಲೆಂದು ತಂದದ್ದು, ಉದ್ದೇಶ ಒಳ್ಳೆಯದೇ. ನನ್ನ ಬಾಯಿಗೆ ಅಡ್ಡವಾಗಿ, ಮುಷ್ಟಿಗಾತ್ರದ ಸ್ಪಂಜಿನ ತಲೆ ನಿಲ್ಲಿಸಿದರು. ನನಗೋ ಖುಷಿಯೋ ಖುಷಿ. ರಾಜ ಬೇಟೆಗೆ ಹೊರಟ ಪದ್ಯವನ್ನು ಊರಿಗೆಲ್ಲ ಕೇಳುವಂತೆ ರಾಗವಾಗಿ ಓದಿದೆ. ಬೀಗರು ಆಚೆ ಈಚೆ ಬಗ್ಗಿ ನೋಡಿ, ರಾಣಿಯ ಮದುವೆಯ ಅರ್ಥ ಹೇಳಿದರು! ಮುಂದಿನ ಪದ್ಯದಲ್ಲಿ ರಾಜನ ಕುದುರೆ ದಾರಿ ತಪ್ಪಿತು, ಬೀಗರು ಹಂದರ ಹಾಕಿಸಿ ಊಟಕ್ಕೆ ಎಲೆ ಹಾಸಿದರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಕಿಸಕ್ಕೆಂದರು.

ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುತ್ತದೆ. ಮೈಕಿನಲ್ಲೇ ಅಂದೆ: "ಬೀಗರ, ನಿದ್ದಿ ಬಂದಿದ್ರ ಮನೀಗಿ ಹೋಗಿ ಮಲಗ್ರಿ! ಇಲ್ಲಿ ಕುಂತು ಯಾಕ ತೂಕಡಿಸಾಕತ್ತೀರಿ?"

ಗುಡಿಯೆಲ್ಲ ನಕ್ಕಿತು. ಬೀಗರೂ ನಗುತ್ತಾ "ಹೌದ್ರಿ, ಹೌದ್ರಿ" ಎಂದು ತಲೆಯಾಡಿಸಿದರು. ಆಮೇಲೆ ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡಿದರು. ಅವರ ನಗು ನಿಂತಿತು. ಟವಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ದಿನವೂ ನಾಳೆಯ ಅರ್ಥ ನೋಡಿಕೊಳ್ಳಲು ಪುಸ್ತಕ ಮನೆಗೆ ಒಯ್ಯುತ್ತಿದ್ದವರು ಅಂದು ಅದನ್ನು ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಮಗಳು ಬಂದಳು. ಚಪ್ಪಲಿ ಬಿಡುವ ಮೊದಲೇ ಶುರು.

"ಅಪ್ಪಾ, ಊರ ಮುಂದ ನಮ್ಮ ಮಾವಾರ ಮಾನ ಕಳದಿಯಲ್ಲ, ಸಮಾಧಾನ ಆತೇನು?"

"ನಾ ಬ್ಯಾಟಿ ಅಂದ್ರ ಅವರು ಲಗ್ನ ಅಂತಾರ. ನಾ ಏನು ಮಾಡ್ಲಿ ಬೇ?"

"ಅವರಿಗೆ ಕಿವಿ ಕೇಳಂಗಿಲ್ಲಪ್ಪ! ಗಿರಣಿ ಸಪ್ಪಳದಾಗ ಮಂದಿ ತುಟಿ ನೋಡೇ ಮೂವತ್ತು ವರ್ಷ ವ್ಯಾಪಾರ ಮಾಡ್ಯಾರ. ಪುರಾಣದಾಗೂ ನಿನ್ನ ತುಟಿ ನೋಡೇ ಅರ್ಥ ಹೇಳ್ತಿದ್ರು. ನಿನ್ನೆ ನಿನ್ನ ಬಾಯಿ ಮುಂದ ಮೈಕ್ ಬಂತು. ಯಾವ ಪದ್ಯ ನಡದೈತಿ ಅಂತ ತಿಳೀದ ಅಂದಾಜಿನ ಮ್ಯಾಲ ಹೇಳಿದ್ರು, ಅವರರೆ ಏನು ಮಾಡ್ಬೇಕು?"

ಶಿವನೇ! ನಾನು ಇಷ್ಟು ವರ್ಷ ಬೀಗರು ನನ್ನ ಮುಖವನ್ನೇ ದಿಟ್ಟಿಸುವುದು ನನ್ನ ರಾಗಕ್ಕೆ ಮರುಳಾಗಿ ಎಂದುಕೊಂಡಿದ್ದೆ. ನಾಚಿಕೆಯಿಂದ ನೆಲ ನೋಡಿದೆ, ನೆಲವೂ ಸರಿಯಾಗಿ ಕಾಣಲಿಲ್ಲ.

ಅಂದೇ ಬೀಗರ ಮನೆಗೆ ಹೋದೆ. ಎದುರಿಗೆ ಕೂತು, ತುಟಿ ಬಿಡಿಸಿ ಬಿಡಿಸಿ "ತಪ್ಪಾತ್ರಿ ಬೀಗರ" ಅಂದೆ.

"ಇರಲಿ ಬಿಡ್ರಿ. ನೀವು ಅಂದಿದ್ದು ನನಗೇನು ಕೇಳೈತೇನ್ರಿ?" ಎಂದು ಅವರು ನಕ್ಕುಬಿಟ್ಟರು. ನನಗೆ ಅಳು ಬಂತು, ನಗುವೂ ಬಂತು. ಕಿವಿ ತೋರಿಸೋಣ ನಡೆಯಿರಿ ಎಂದೆ.

"ಬರ್ತೇನ್ರಿ. ಆದ್ರ ನೀವೂ ಕಣ್ಣು ತೋರಿಸ್ಬೇಕು."

"ನನ್ನ ಕಣ್ಣಿಗೇನು ಧಾಡಿ ಆಗೈತ್ರಿ?"

"ತೋರಿಸ್ರಿ ಅಂತೇನಿ."

ಹಟಕ್ಕೆ ಹೇಳಿದರೆಂದುಕೊಂಡು ಒಪ್ಪಿದೆ. ಅಷ್ಟರಲ್ಲಿ ಪಂಚರು ಪೆನ್ ಡ್ರೈವ್ ಹಾಕಿ ಪುರಾಣ ಕೇಳಿಸಲು ಶುರುಮಾಡಿದ್ದರು. ಅದಕ್ಕೆ ಮುದುಕಿಯರು "ಏನಂದ್ರಿ, ಇನ್ನೊಮ್ಮೆ ಹೇಳ್ರಿ" ಅನ್ನುವಂತಿಲ್ಲವಲ್ಲ, ಎರಡೇ ದಿನಕ್ಕೆ ಬೇಸತ್ತರು. ಕಡೆಗೆ ಪಂಚರು ಹೇಳಿದರು: ಕಾರ್ತಿಕದವರೆಗೆ ಕಾಯುತ್ತೇವೆ, ಇಬ್ಬರೂ ಬಂದು ಪುರಾಣ ಮುಗಿಸಿರಿ; ಆಗದಿದ್ದರೆ ಮುಕ್ತಾಯದ ಮಂಗಳವೂ ಪೆನ್ ಡ್ರೈವಿನದೇ, ಮಣೆಗಳನ್ನು ಒಳಗಿಡುತ್ತೇವೆ.

ಮಗಳು ಇಬ್ಬರನ್ನೂ ಬಸ್ಸಿಗೆ ಹತ್ತಿಸಿದಳು. ಅಫಜಲಪುರದ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು, ಎಳೆಯ ಹುಡುಗಿ, ಗೋಡೆಯ ಮೇಲಿನ ಅಕ್ಷರ ಓದಿರಿ ಎಂದಳು. ಅರ್ಧ ತಾಲೂಕಿಗೆ ಅಕ್ಷರ ಕಲಿಸಿದ ನನಗೆ ಅಲ್ಲಿ ಒಂದೂ ಕಾಣಲಿಲ್ಲ. ಬಿಡುವವನೇ ನಾನು? ಗಟ್ಟಿ ದನಿಯಲ್ಲಿ "ಅ, ಆ, ಇ, ಈ" ಎಂದು ಶುರುಮಾಡಿದೆ.

"ಅಜ್ಜಾರ, ಅಲ್ಲಿ ಹಂಗ ಬರದಿಲ್ರಿ" ಎಂದು ನಕ್ಕಳು. "ಪೊರೆ ಹಣ್ಣಾಗೈತಿ. ಎರಡೂ ಕಣ್ಣಿಗಿ ಆಪರೇಷನ್ ಮಾಡ್ಬೇಕು."

ಬೀಗರು ಮುಸಿ ಮುಸಿ ನಕ್ಕದ್ದು ನನಗೆ ಚೆನ್ನಾಗಿ ಕೇಳಿಸಿತು. ಆದರೆ ಮರುವಾರ ಕಲಬುರಗಿಯಲ್ಲಿ ಕಿವಿ ಪರೀಕ್ಷೆಯಾದಾಗ ಅವರೇನು ಸಾಚಾ ಇದ್ದರೇ? ಸಪ್ಪಳ ಕೇಳಿದಾಗ ಬೆರಳು ಎತ್ತಬೇಕು. ಇವರು ಪರೀಕ್ಷೆ ಮಾಡುವವಳ ಕೈ ನೋಡಿ, ಅವಳು ಗುಂಡಿ ಒತ್ತಿದಾಗೊಮ್ಮೆ ಬೆರಳೆತ್ತಿದರಂತೆ! ಆಕೆ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿದ ಮೇಲೆ ಬೆರಳು ಮೇಲೇಳಲೇ ಇಲ್ಲ. ಮಗಳು ಅದನ್ನು ಹೇಳಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ನನ್ನ ಕಣ್ಣು ಒಂದಾದ ಮೇಲೊಂದು ಸರಿಹೋದವು. ಬೀಗರ ಕಿವಿ ಮಿಷನ್ ಮಾತ್ರ ಅಷ್ಟು ಸಲೀಸಾಗಿ ಒಗ್ಗಲಿಲ್ಲ. "ನನ್ನ ಚಪ್ಪಲಿ ಇಷ್ಟು ಗದ್ದಲ ಮಾಡ್ತಾವೇನ್ರಿ?" ಎಂದು ಮೊದಲ ದಿನವೇ ತೆಗೆದು ಕಿಸೆಗೆ ಹಾಕಿದರು. ಪಾತ್ರೆ ಸಪ್ಪಳ, ಟ್ರ್ಯಾಕ್ಟರು, ನಾಯಿ ಬೊಗಳುವುದು ಎಲ್ಲ ಒಟ್ಟಿಗೇ ಕಿವಿಗೆ ನುಗ್ಗುತ್ತದಂತೆ. ದಿನಕ್ಕೆ ಒಂದು ತಾಸಿನಿಂದ ಶುರುಮಾಡಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಮಗಳು ಬೆಳಿಗ್ಗೆ ಒಂದು ತಾಸು ಮಾವನಿಗೆ ಪೇಪರು ಓದಿ ಕೇಳಿಸಿದಳು, ನಡುನಡುವೆ ಮುಖ ಮರೆಮಾಡಿಕೊಂಡು. ಅವಳಪ್ಪನ ಸಿಟ್ಟು ಅವಳಿಗಿಲ್ಲ, ದೇವರ ದಯೆ.

ಕಾರ್ತಿಕದ ಮೊದಲ ಸೋಮವಾರ ಗುಡಿಗೆ ಹೋದೆವು. ಮೈಕನ್ನು ಪಂಚರೇ ಪಕ್ಕಕ್ಕೆ ಸರಿಸಿದ್ದರು. ನಾನು ಮಣೆಯ ಮೇಲೆ ಕೂತು ಪುಸ್ತಕ ತೆರೆದೆ. ಅಬ್ಬಾ, ಅಕ್ಷರ! ಕರ್ರಗೆ, ಗುಂಡಗೆ, ಒತ್ತು, ದೀರ್ಘ ಎಲ್ಲ ಸಮೇತ! ಕಣ್ತುಂಬ ನೋಡಿದೆ. ಆಗ ಅಂಚಿನಲ್ಲಿ ಪೆನ್ಸಿಲಿನ ಗೀಟುಗಳು ಕಂಡವು.

ಯಾವ ಮೂರ್ಖ ಪುಸ್ತಕದಲ್ಲಿ ಗೀಚಿದ್ದು ಎಂದು ಮಾಸ್ತರನ ಸಿಟ್ಟು ನೆತ್ತಿಗೇರಿತು. ಹತ್ತಿರ ಹಿಡಿದು ನೋಡಿದೆ. ಅಡ್ಡಗೀಟು, ಅದರ ಮೇಲೊಂದು ಚುಕ್ಕೆ. ಬೀಗರು ಗಿರಣಿಯಲ್ಲಿ ಹಿಟ್ಟಿನ ಡಬ್ಬಿಗಳ ಮೇಲೆ ಹಾಕುತ್ತಿದ್ದ ಗುರುತು. ಪುಟಕ್ಕೆ ಎರಡು ಮೂರು ಪದ್ಯಗಳಿಗೆ ಮಾತ್ರ ಇತ್ತು. ಆ ಪದ್ಯಗಳನ್ನು ಓದಿಕೊಂಡೆ. ಒಂದೂ ನನ್ನ ಬಾಯಿಪಾಠದಲ್ಲಿ ಇದ್ದದ್ದಲ್ಲ.

ಮರೆತು ನಾನು ಬಿಟ್ಟುಬಿಡುತ್ತಿದ್ದ ಪದ್ಯಗಳು ಅವು. ಎರಡು ವರ್ಷ ನನ್ನ ತುಟಿ ನೋಡಿ, ಬಿಟ್ಟದ್ದನ್ನು ಗುರುತು ಮಾಡಿಕೊಂಡು, ಕಥೆ ತುಂಡಾಗದಂತೆ ಅವುಗಳ ಅರ್ಥವನ್ನೂ ಸೇರಿಸಿ ಹೇಳುತ್ತಿದ್ದರು. ನಾನು ಉದ್ದ ಎಳೀತಾರೆ ಎಂದು ಗೊಣಗಿದ್ದು ಅದಕ್ಕೇ! ನನ್ನ ಕಣ್ಣಿನ ಸಂಗತಿ ಮೊದಲಿನಿಂದ ಗೊತ್ತಿದ್ದೂ ಯಾರ ಮುಂದೆಯೂ ಬಾಯಿ ಬಿಡದ ಮನುಷ್ಯನ ಮಾನವನ್ನು ನಾನು ಒಂದೇ ಸಂಜೆಗೆ ಮೈಕಿನಲ್ಲಿ ಹರಾಜು ಹಾಕಿದ್ದೆ.

ಗುರುತು ಹಾಕಿದ ಪದ್ಯವನ್ನೇ ಓದಿದೆ. ಬೀಗರು ನನ್ನ ತುಟಿ ನೋಡಲಿಲ್ಲ. ಕಣ್ಣು ಮುಚ್ಚಿ, ಕಿವಿಯ ಮಿಷನ್ನಿನ ಮೇಲೆ ಒಂದು ಬೆರಳಿಟ್ಟು, ಕೊನೆಯ ಸಾಲಿನವರೆಗೂ ಕೇಳಿದರು. ಜನ ಅರ್ಥಕ್ಕಾಗಿ ಕಾಯುತ್ತಿದ್ದರು.

"ಇದರ ಅರ್ಥ ನಾ ಹ್ವಾದ ವರ್ಷನ ಹೇಳೀನ್ರಿ ಬೀಗರ" ಎಂದರು. "ಮುಂದ ಓದ್ರಿ."

ಯಾಕೆಂದು ತಿಳಿಯದಿದ್ದರೂ ಗುಡಿಯೆಲ್ಲ ನಕ್ಕಿತು. ನಾನು ಹೊಸ ಕಣ್ಣು ಒರೆಸಿಕೊಂಡು ಮುಂದೆ ಓದಿದೆ, ಒಂದು ಪದ್ಯವನ್ನೂ ಬಿಡದೆ.