ಗೋಡೆ ಸರಿಸಿ ನೋಡಿದವರು

ಇಂದು ಬೆಳಿಗ್ಗೆ ಬಕೆಟ್ಟಿನಲ್ಲಿ ಇನ್ನೂ ಅರ್ಧ ಬಟ್ಟೆ ಹಿಂಡದೆ ಉಳಿದಿದ್ದಾಗ ಫೋನು ಬಂತು. "ಯೂನಿವರ್ಸಿಟಿ ರೂಮು ಖಾಲಿ ಮಾಡ್ತಿದೀನಿ ಕಣಮ್ಮ. ಮಗಳನ್ನೂ ಕರ್ಕೊಂಡು ಬಂದ್ಬಿಡು" ಎಂದರು ಮೇಡಂ. ಈ ವಾರ ನಿವೃತ್ತರಾಗುತ್ತಿರುವ ನನ್ನ ಗುರುಗಳಾದ ಮೇಡಂ ಅವರನ್ನು ಕುರಿತ ಈ ಅಭಿನಂದನ ಲೇಖನವೂ ಆ ಬಟ್ಟೆಗಳಂತೆಯೇ ಅರ್ಧಕ್ಕೆ ನಿಂತಿತ್ತು.

ದ್ರವ್ಯದ ಅತಿ ಸೂಕ್ಷ್ಮ ಕಣವಾದ ಒಂದು ಕ್ವಾರ್ಕು, ಅದಕ್ಕೆ ವಿರುದ್ಧ ಗುಣದ ಒಂದು ಪ್ರತಿಕ್ವಾರ್ಕು ಸೇರಿದ ಕಣವೇ ಮೆಸಾನ್. ಭಾರವಾದ ಎರಡು ಮೆಸಾನ್‌ಗಳು ಹತ್ತಿರ ಬಂದರೆ ಒಂದನ್ನೊಂದು ಸೆಳೆಯುತ್ತವೆಯೇ, ಸೆಳೆದರೂ ಒಟ್ಟಿಗೆ ಉಳಿಯುತ್ತವೆಯೇ ಎಂಬುದು ಮೇಡಂ ಅವರ ಜೀವಮಾನದ ಪ್ರಶ್ನೆ. ಜಾಗವನ್ನೂ ಕಾಲವನ್ನೂ ಸಣ್ಣ ಸಣ್ಣ ಮನೆಗಳ ಜಾಲವಾಗಿ ಹರಡಿ, ಕಂಪ್ಯೂಟರಿನಲ್ಲಿ ಕ್ವಾರ್ಕುಗಳ ಬಲವನ್ನು ಲೆಕ್ಕ ಹಾಕುವ ಲ್ಯಾಟಿಸ್ ಕ್ಷೇತ್ರದಲ್ಲಿ ಅವರ ಮಾತಿಗಿರುವ ತೂಕವನ್ನು ಬಲ್ಲವರೆಲ್ಲ ಬಲ್ಲರು.

ನಾನು ಅವರ ವಿದ್ಯಾರ್ಥಿನಿಯಾಗಿದ್ದಾಗ, ಎರಡು ಮೆಸಾನ್‌ಗಳು ಕೂಡಿಕೊಂಡಿವೆಯೆಂದು ನನ್ನ ಲೆಕ್ಕ ತೋರಿಸಿತು. ಪ್ರಬಂಧ ಸಿದ್ಧವಾಗಿತ್ತು, ನಾನು ತುಂಬು ಗರ್ಭಿಣಿ. ಗ್ರಾಫ್ ನೋಡಿ ಅವರು ಕೇಳಿದ್ದು ಒಂದೇ: "ಗೋಡೆ ಸರಿಸಿ ನೋಡಿದ್ಯಾ?" ಲೆಕ್ಕದೊಳಗಿನ ಜಾಗವೆಂದರೆ ಒಂದು ಪೆಟ್ಟಿಗೆ. ಅದು ಚಿಕ್ಕದಾದರೆ ಕಣಗಳು ದೂರ ಹೋಗಲು ಎಡೆಯಿಲ್ಲದೆ ಅಂಟಿಕೊಂಡಂತೆ ಕಾಣುತ್ತವೆ. ಪೆಟ್ಟಿಗೆಯನ್ನು ಹಿಗ್ಗಿಸಿದ ಮೇಲೂ ಜೊತೆಗಿದ್ದರೆ ಮಾತ್ರ ನಂಟು ನಿಜ. ಅದಕ್ಕೆ ಇನ್ನೊಂದು ವರ್ಷ ಬೇಕಿತ್ತು. ನನಗೆ ಅಳುವೇ ಬಂತು. ಅವರ ಹಟ ಸುಲಭದ್ದಲ್ಲ ಎಂಬುದನ್ನು ಅಭಿನಂದನೆಯ ಸಾಲುಗಳಲ್ಲೂ ಮುಚ್ಚಿಡಲಾರೆ.

ಆದರೆ ಆ ವರ್ಷವೆಲ್ಲ ಮೇಡಂ ನಮ್ಮ ಮನೆಗೇ ಬಂದರು. ಕಾಲಲ್ಲಿ ತೊಟ್ಟಿಲು ತೂಗುತ್ತ, ಮಡಿಲಲ್ಲಿ ನನ್ನ ಗ್ರಾಫ್‌ಗಳನ್ನು ಹರಡಿಕೊಂಡು, "ನಿನ್ನ ಬರವಣಿಗೆಗಿಂತ ಇವಳ ಅಳುನೇ ವಾಸಿ ಕಣೇ, ಏನ್ ಹೇಳ್ತಿದಾಳೆ ಅಂತ ಗೊತ್ತಾಗತ್ತೆ" ಎಂದು ಚುಡಾಯಿಸುತ್ತಿದ್ದರು. ದೊಡ್ಡ ಪೆಟ್ಟಿಗೆಯಲ್ಲಿ ನಂಟು ಕರಗಿಹೋಯಿತು, ಸೆಳೆತವಷ್ಟೇ ಉಳಿಯಿತು. ಹಾಗೆಂದೇ ಬರೆಸಿದರು. ಇಷ್ಟಕ್ಕೆ ಡಾಕ್ಟರೇಟೇ ಎಂದು ಮೂಗು ಮುರಿದ ಪರೀಕ್ಷಕರಿಗೆ, "ಇವಳು ಇಲ್ಲದ್ದನ್ನ ಇದೆ ಅನ್ನಲಿಲ್ಲ. ಇನ್ನೇನು ಬೇಕು ನಿಮಗೆ?" ಎಂದರು.

ಅಂದಿನಿಂದ ವಾರಕ್ಕೊಮ್ಮೆ ಅವರ ಕೋಣೆಯ ಕಪ್ಪುಹಲಗೆಯ ಮುಂದೆ ಇಬ್ಬರೂ ಲೆಕ್ಕ ಮಾಡುತ್ತ ಬಂದಿದ್ದೇವೆ. ನೌಕರಿಯಿಲ್ಲದ ನನಗೆ ಭೌತವಿಜ್ಞಾನದಲ್ಲಿ ಉಳಿದಿರುವುದು ಅದೊಂದೇ ಜಾಗ.

ಇಂದು ಹೋದಾಗ ಕಪಾಟುಗಳು ಬರಿದಾಗಿದ್ದವು, ಹಲಗೆ ಒರೆಸಿತ್ತು. ಅವರು ನೂರ್ಕಾಲ ಬಾಳಲಿ, ಅವರ ಲೆಕ್ಕಗಳು ಮುಗಿಯದಿರಲಿ ಎಂಬ ಹಾರೈಕೆಯನ್ನು ಹೇಗೋ ಹೇಳಿದೆ. ಕೇಳಬೇಕೆಂದಿದ್ದ ಇನ್ನೊಂದು ಮಾತನ್ನು ಬಿಟ್ಟು, ಪುಸ್ತಕ ತುಂಬಿದ ರಟ್ಟಿನ ಪೆಟ್ಟಿಗೆಗೆ ಹಗ್ಗ ಕಟ್ಟತೊಡಗಿದೆ. ಬಸ್ಸಿನುದ್ದಕ್ಕೂ "ನೀನೇ ಕೇಳಮ್ಮ" ಎಂದು ನನ್ನನ್ನು ತಿವಿಯುತ್ತಿದ್ದ ಮಗಳು, ಬೆನ್ನ ಹಿಂದಿನಿಂದ ಮೆಲ್ಲನೆ ಈಚೆ ಬಂದು ನಿಂತಳು.

"ಮೇಡಂ ಅಜ್ಜಿ, ಈ ರೂಮು ಇಲ್ದಿದ್ರೂ ನೀವು ಅಮ್ಮನ ಜೊತೆ ಲೆಕ್ಕ ಮಾಡ್ತೀರಾ?"