ಪಿಂಟ್ಯಾನ ಸೌದಾ

ನಾಯಿ ಸಾಕುವ ಧೈರ್ಯ ನನಗೆ ಎಂದೂ ಇರಲಿಲ್ಲ, ಈಗಲೂ ಇಲ್ಲ. ಹಾಗೆ ನೋಡಿದರೆ ಸ್ಪ್ಯಾನಿಯಲ್ ಜಾತಿಯ ನಾಯಿಯನ್ನು ಯಾರೂ ಸಾಕುವುದಿಲ್ಲ. ಅದರ ಹಿಂದೆ ಓಡುತ್ತಾರೆ, ಅಷ್ಟೆ. ಸಾಂಗ್ಲಿಯ ನಮ್ಮ ಓಣಿಗೆ ಕೇಬಲ್ ಟಿವಿ ಬಂದ ವರ್ಷ, ಯಾವುದೋ ಜಾಹೀರಾತಿನಲ್ಲಿ ಜೋಲುಗಿವಿಯ ನಾಯಿಯನ್ನು ಕಂಡು ಮಗಳು ಶ್ರೇಯಾ ಊಟ ಬಿಟ್ಟಳು. ಪುಣೆಯಿಂದ ಪಿಂಟ್ಯಾ ಬಂದ.

ಪೊದೆಯೊಳಗೆ ಅಡಗಿದ ಹಕ್ಕಿಯನ್ನು ಎಬ್ಬಿಸಲೆಂದೇ ಈ ಜಾತಿಯನ್ನು ವಿಲಾಯತಿಯ ಸಾಹೇಬರು ಬೆಳೆಸಿದರಂತೆ. ಆ ಸಾಹೇಬರನ್ನು ಒಂದು ವಾರ ನಮ್ಮ ಮನೆಯಲ್ಲಿ ಇಡಬೇಕಿತ್ತು! ನಮ್ಮಲ್ಲಿ ಪೊದೆಯೂ ಇಲ್ಲ, ಹಕ್ಕಿಯೂ ಇಲ್ಲ. ಹೀಗಾಗಿ ಪಿಂಟ್ಯಾ ಚಾದರಿನೊಳಗಿಂದ ನನ್ನನ್ನು, ಬುಟ್ಟಿಯೊಳಗಿಂದ ಜೋಳದ ಭಕ್ಕರಿಯನ್ನು, ಪೂಜೆಗೆ ಕುಳಿತ ಅವ್ವನನ್ನು ಎಬ್ಬಿಸುತ್ತಿದ್ದ. ನಾನು ಕನ್ನಡದಲ್ಲಿ 'ಕುಂದ್ರು' ಅನ್ನುತ್ತಿದ್ದೆ, ಶ್ರೇಯಾ ಮರಾಠಿಯಲ್ಲಿ 'ಬಸ್' ಅನ್ನುತ್ತಿದ್ದಳು; ಅವನು ಯಾವ ಭಾಷೆಗೂ ಪಕ್ಷಪಾತ ಮಾಡದೆ ಜಿಗಿಯುತ್ತಿದ್ದ.

ಒಂದು ದಿನ ನಮ್ಮ ಅರಿಷಿಣದ ಅಂಗಡಿಗೆ ನುಗ್ಗಿ, ಪುಡಿಯ ರಾಶಿಯಲ್ಲಿ ಉರುಳಾಡಿ, ಬಿಳೀ ಧೋತರದ ಗಿರಾಕಿಗಳ ನಡುವೆ ನಿಂತು ಮೈ ಝಾಡಿಸಿದ. ಅವನನ್ನು ಮನೆಗೆ ಎಳೆದು ತರುವಾಗ ದಾರಿಯಲ್ಲಿ ಕಂಡವರೆಲ್ಲ, "ಯಾರದ್ರಿ ಲಗ್ನಾ?" ಎಂದು ಕೇಳಿದರು. ಅಪ್ಪ ಮಾತ್ರ ನಗಲಿಲ್ಲ.

"ಸಾಕಾತು. ಮಿರಜಿನ ಶಿವಪ್ಪ ಈ ನಾಯಿ ಬೇಕಂತ ಕೇಳ್ಯಾನ. ನಾಳೆ ಬಂದು ಒಯ್ಯಲಿ," ಎಂದುಬಿಟ್ಟರು.

ಶ್ರೇಯಾ ಅತ್ತಳು. ನಾನೂ, ಹೇಳಿಕೊಳ್ಳಲು ನಾಚಿಕೆ, ಹಿತ್ತಲಿಗೆ ಹೋಗಿ ಮೂಗು ಒರೆಸಿಕೊಂಡೆ. ಅಪ್ಪನ ಎದುರು ದನಿ ತೆಗೆಯುವ ಧೈರ್ಯ ನಮ್ಮ ಮನೆಯಲ್ಲಿ ಇದ್ದದ್ದು ಪಿಂಟ್ಯಾನಿಗೆ ಮಾತ್ರ.

ನಮ್ಮ ಅರಿಷಿಣ ಪೇಟೆಯ ಹಳಬರು ಬಾಯಿಬಿಟ್ಟು ದರ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಹಿಡಿದೇ ಸೌದಾ ಕುದುರಿಸುತ್ತಾರೆ. ಮಾರಲು ಮನಸ್ಸಿಲ್ಲದವರು ಮುಷ್ಟಿ ಬಿಗಿಯುತ್ತಾರೆ. ಬೆರಳು ಸಿಗದಿದ್ದರೆ ಸೌದಾ ಇಲ್ಲ. ಅಂಗಡಿಗೆ ಫೋನು ಬಂತು, ಮನೆಗೆ ಬಣ್ಣದ ಟಿವಿ ಬಂತು, ಅಪ್ಪನ ಟವೆಲ್ಲು ಮಾತ್ರ ಹೆಗಲಿಳಿಯಲಿಲ್ಲ. ನಮ್ಮ ಹಳೇ ಸ್ಕೂಟರನ್ನೂ ಅವರು ಹಾಗೇ ಮಾರಿದ್ದರು.

ಮರುದಿನ ಅಪ್ಪನ ಹಳೇ ಪೇಟೆ ಗೆಳೆಯ ಶಿವಪ್ಪ ಕಾಕಾ ಬಂದರು. ಇಬ್ಬರೂ ಕಟ್ಟೆಯ ಮೇಲೆ ಕುಳಿತು ಕೈಗಳ ಮೇಲೆ ಟವೆಲ್ಲು ಹೊದಿಸಿದರು. ಅಪ್ಪನ ಬೈಗುಳ ನಡೆದೇ ಇತ್ತು.

"ಹಾಳಾದ್ದು, ಒಂದ ನಿಮಿಷ ಸುಮ್ಮ ಕುಂದರಂಗಿಲ್ಲ. ಒಯ್ದಬಿಡು ಮಾರಾಯಾ!"

ಕೆಳಗೆ ಏನು ನಡೆದಿದೆಯೋ ಯಾರಿಗೆ ಗೊತ್ತು? ಶ್ರೇಯಾ ನನ್ನ ಅಂಗಿ ಹಿಡಿದು ನಿಂತಿದ್ದಳು. ಟವೆಲ್ಲು ಅಲುಗಾಡಿತು. ಅದರಡಿ ಯಾವುದೋ ಜೀವ ಅಡಗಿದೆಯೆಂದು ಪಿಂಟ್ಯಾನಿಗೆ ಖಾತ್ರಿಯಾಯಿತು. ಒಂದೇ ನೆಗೆತ! ಟವೆಲ್ಲು ಅವನ ಬಾಯಲ್ಲಿ, ಅವನು ಅಂಗಳದಲ್ಲಿ.

ಅಪ್ಪನ ಕೈ ಬಯಲಿಗೆ ಬಿತ್ತು. ಬಿಗಿದ ಮುಷ್ಟಿ! ಅದನ್ನು ಬಿಡಿಸಲು ಕಾಕಾ ಎರಡೂ ಕೈಯಿಂದ ಹೆಣಗುತ್ತಿದ್ದರು.

"ಅರ್ಧಾ ತಾಸಾತು, ಒಂದ ಬೆರಳರ ಕೊಡವೊಲ್ಲ ನಿಮ್ಮಪ್ಪ!" ಎಂದು ಕಾಕಾ ಬಿದ್ದು ಬಿದ್ದು ನಕ್ಕರು.

ಅಪ್ಪನ ಮುಖ ಕೆಂಪೇರಿತು. "ನಗೂದೇನೈತಿ ಇದರಾಗ? ಚಾ ತರ್ರಿ," ಎಂದು ಗದರಿದರು. ಶ್ರೇಯಾ ಆಗಲೇ ಅವರ ಕೊರಳಿಗೆ ಜೋತುಬಿದ್ದಿದ್ದಳು. ನನಗಂತೂ ಕುಣಿಯಬೇಕೆನಿಸಿತು.

ಈಗಲೂ ಅಪ್ಪ ಊಟಕ್ಕೆ ಕುಳಿತಾಗಲೆಲ್ಲ ಪಿಂಟ್ಯಾನನ್ನು ಬೈಯುತ್ತಾರೆ. ನಾನು ಅವರ ಬಾಯಿ ನೋಡುವುದಿಲ್ಲ, ಕೈ ನೋಡುತ್ತೇನೆ. ಅದು ಸದ್ದಿಲ್ಲದೆ ಮಗ್ಗುಲಲ್ಲಿ ಭಕ್ಕರಿ ಮುರಿಯುತ್ತಿರುತ್ತದೆ. ಬೈಗುಳ ಜೋರಾದಷ್ಟೂ ತುಣುಕು ದೊಡ್ಡದು.