ಇನ್ನೂರ ಹನ್ನೆರಡನೇ ಬಿಲ್ಲೆ

ಗೆಳೆಯರೇ, ಇವತ್ತು ಮಧ್ಯಾಹ್ನ ಗಣಿಯ ದೀಪದ ಕೋಣೆಯಲ್ಲಿ ಕಂಪ್ಯೂಟರ್ ನನ್ನ ಬೆವರಿಳಿಸಿತು. ಗಣಿಗೆ ಇಳಿಯುವವರು ನಮ್ಮಿಂದ ಹಿತ್ತಾಳೆ ಬಿಲ್ಲೆ ಪಡೆಯುತ್ತಾರೆ, ಮೇಲೆ ಬಂದ ಮೇಲೆ ಹಿಂದಿರುಗಿಸುತ್ತಾರೆ. ಬಿಲ್ಲೆ ಕೊಡದವರ ಹೆಸರನ್ನು ಕಂಪ್ಯೂಟರ್ ತೋರಿಸುತ್ತದೆ. ಯಾರ ಹೆಸರೂ ಬರದಿದ್ದರೆ ಮಾತ್ರ ಒಳಗೆ ಮದ್ದು ಸಿಡಿಸುತ್ತಾರೆ.

ನಾನು ಕಮಾಂಡ್ ಒತ್ತಿದೆ. ಒಂದು ಹೆಸರು ಬಂತು.

"ಯಾರ್ಲಾ ಒಳ್ಗೆ ಉಳ್ಕಂಡಿರೋದು?" ಮದ್ದಿಗೆ ಅಪ್ಪಣೆ ಕೊಡುವ ಮೇಸ್ತ್ರಿ ಫೋನ್ ಹಿಡಿದೇ ಕೇಳಿದರು.

"ಮುನಿಯಪ್ಪ, ಇನ್ನೂರ ಹನ್ನೆರಡು. ಮದ್ದು ನಿಲ್ಸಣ್ಣ."

ನಿಲ್ಲಿಸಿದರು. ಆಮೇಲೆ ಮೆಲ್ಲಗೆ, "ಲೇ, ಬೂದಿಕೋಟೆ ಮುನಿಯಪ್ಪ ಕಲ್ಲು ಕುಸ್ದು ಸತ್ತೋನಲ್ವಾ? ಎಣಾನೂ ಸಿಗ್ಲಿಲ್ವಲ್ಲ" ಅಂದರು.

ನಮ್ಮಲ್ಲಿ ಬೇರೆ ಮುನಿಯಪ್ಪ ಇಲ್ಲ.

ಪ್ರೋಗ್ರಾಂ ಬರೆದ ಎಂಜಿನಿಯರ್ ಬಂದು ತಪ್ಪು ಹಿಡಿದರು. ಕಮಾಂಡಿನ ಕೊನೆಗೆ ಅಡ್ಡಗೆರೆ ಹಾಕಿ 'ಎಸ್' ಒತ್ತಿದ ಮೇಲೆ ಪಾಳಿಯ ಸಂಖ್ಯೆ ಕೊಡಬೇಕಿತ್ತು, ನಾನು ಮರೆತಿದ್ದೆ. ಸಂಖ್ಯೆ ಇಲ್ಲದಿದ್ದರೆ ಅದು ಹಳೆಯ ಪಾಳಿಗಳನ್ನೆಲ್ಲ ಹುಡುಕುತ್ತದಂತೆ. ಸಂಖ್ಯೆ ಸೇರಿಸಿ ಒತ್ತಿದೆ, ಪರದೆ ಖಾಲಿ.

ಮೇಸ್ತ್ರಿ ಟೋಪಿ ತೆಗೆದರು. "ಮುನಿಯಪ್ಪಾ, ಒಸಿ ಪಕ್ಕಕ್ಕೆ ಜರುಗಪ್ಪ" ಎಂದು ಗೊಣಗಿ, ಫೋನಿನಲ್ಲಿ ಅಪ್ಪಣೆ ಕೊಟ್ಟರು. ನೆಲ ನಡುಗಿತು.

"ಆ ಹೆಸರು ಅಳಿಸಿಬಿಡಲಾ?" ಎಂಜಿನಿಯರ್ ಕೇಳಿದರು.

"ಎಂಗೆ ಅಳಿಸ್ತೀರಾ ಸಾರ್? ಅವ್ನಿನ್ನೂ ಬಿಲ್ಲೆ ಕೊಟ್ಟಿಲ್ವಲ್ಲ" ಅಂದರು ಮೇಸ್ತ್ರಿ.

ಎಂಜಿನಿಯರ್ ಕೀಲಿಮಣೆಯಿಂದ ಕೈ ತೆಗೆದರು. ಹೆಸರು ಹಾಗೇ ಇದೆ. ಎಂಟು ಗಂಟೆ ಪಾಳಿಗೇ ಸೊಂಟ ನೋವು ಅಂತ ನಾನು ದಿನವೂ ಗೋಳಾಡುತ್ತೇನೆ. ಮುನಿಯಪ್ಪ ಆರು ವರ್ಷದಿಂದ ಡ್ಯೂಟಿಯಲ್ಲಿದ್ದಾನೆ, ಒಂದು ಮಾತೂ ಆಡಿಲ್ಲ.